ಲಿಫ್ಟಿನ ಪಕ್ಕದ ರೂಮು

ಬುಧವಾರ, ಮಧ್ಯಾಹ್ನ

ನನ್ನ ಸಕ್ಕರೆಗೆ,

ನಿನ್ನ ಕತ್ತರಿಯ ನೆನಪುಗಳು. ಕಾಗದ ಬಂತಲ್ಲ ಎಂದು ಗಾಬರಿಯಾಗಬೇಡ, ಇಲ್ಲಿ ನಾನೂ ನಿನ್ನ ಅಣ್ಣನೂ ಆರೋಗ್ಯವಾಗಿದ್ದೇವೆ. ಹೋಟೆಲಿನ ಹೆಸರು ಅಚ್ಚಾಗಿರುವ ಈ ದಪ್ಪ ಹಾಳೆಗಳನ್ನು ಮೇಜಿನ ಡ್ರಾಯರಿನಲ್ಲಿ ಪುಕ್ಕಟೆಯಾಗಿ ಇಟ್ಟಿದ್ದಾರೆ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವ ಜಾಯಮಾನ ನನ್ನದಲ್ಲ ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಫೋನೇ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನಾನು ಕರಗಿಹೋಗುತ್ತೇನೆ, ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿದುಬಿಡುತ್ತದೆ. ನೀನು ಮಾತಾಡಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಗಾರ್ಮೆಂಟ್ಸಿನಲ್ಲಿ ನಿನಗೆ ಸಕ್ಕರೆ ಎಂದು ಸುಮ್ಮನೆ ಹೆಸರು ಬೀಳಲಿಲ್ಲ. ನಿನ್ನ ಪಕ್ಕದಲ್ಲಿ ಕೂತು ಅಂಗಿಗಳ ನೂಲು ಕತ್ತರಿಸುತ್ತಿದ್ದ ನನಗೆ ಕತ್ತರಿ ಎಂದು ಹೆಸರು ಬಿದ್ದದ್ದೂ ಕೈಯಲ್ಲಿದ್ದ ಕತ್ತರಿಯಿಂದಲ್ಲ, ಬಾಯಿಂದ.

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ನಾವು ಕಡೆಗೂ ಹನಿಮೂನಿಗೆ ಬಂದಿದ್ದೇವೆ! ಮದುವೆಯಾದ ಎಂಟು ತಿಂಗಳಿಗೆ. ಕಿಟಕಿ ತೆರೆದರೆ ಸಮುದ್ರ ಕಾಣುತ್ತದೆ, ಸ್ವಲ್ಪ ಬಗ್ಗಿ ಎಡಕ್ಕೆ ಕತ್ತು ತಿರುಗಿಸಬೇಕು ಅಷ್ಟೆ. ಹೋಟೆಲಿನ ಫೋಟೋದಲ್ಲಿ ನೀಲಿಯಾಗಿ ಮಿಂಚುತ್ತಿದ್ದ ಈಜುಕೊಳದಲ್ಲಿ ಈಗ ನೀರಿಲ್ಲ, ಗಾಳಿಗೆ ಹಾರಿಬಿದ್ದ ಎರಡು ಪ್ಲಾಸ್ಟಿಕ್ ಕುರ್ಚಿಗಳಿವೆ. ಸೀಸನ್ ಅಲ್ಲವಲ್ಲ. ಊಟದ ಹಾಲಿನಲ್ಲಿ ನಮ್ಮನ್ನು ಬಿಟ್ಟರೆ ಒಬ್ಬ ಮುದುಕ, ಅವನ ಪೇಪರು. ಬಡಿಸುವವನು ನಮ್ಮನ್ನು ನೋಡಿದ ಕೂಡಲೇ ಮೇಜಿನ ಮೇಲೆ ಒಂದು ಮೇಣದಬತ್ತಿ ಹಚ್ಚಿಟ್ಟ. ಇವರು ಅದರ ಬೆಳಕಿನಲ್ಲಿ ಬಿಲ್ಲು ಓದಿದರು.

ನೀನು ನಮಗೆ ಕೊಟ್ಟ ಉಡುಗೊರೆ ನೆನಪಿದೆಯಲ್ಲ? ಹೊಸ ಬ್ರಾಂಚಿಗೆ ಸೂಪರ್‌ವೈಸರಾಗಿ ಹೊರಡುವ ಮುಂಚೆ ನೀನು ಅಣ್ಣನ ಕಂಪ್ಯೂಟರಿನ ಮುಂದೆ ಕೂತು, ಆ ಬಿಡ್ಡಿಂಗ್ ವೆಬ್‌ಸೈಟಿನಲ್ಲಿ ಖಾತೆ ತೆರೆದುಕೊಟ್ಟೆ. ನಮ್ಮಿಬ್ಬರನ್ನೂ ಎಡಕ್ಕೊಬ್ಬರು ಬಲಕ್ಕೊಬ್ಬರು ನಿಲ್ಲಿಸಿಕೊಂಡು ಪಾಠ ಹೇಳಿದೆ. ಯಾವ ತೀರ, ಎಷ್ಟು ಸ್ಟಾರು, ಯಾವ ದಿನ ಎಂದು ಆರಿಸಬೇಕು. ಎಷ್ಟು ಕೊಡುತ್ತೇವೆ ಎಂದು ನಾವೇ ಬೆಲೆ ಹೇಳಬೇಕು. ಹೋಟೆಲಿನವರು ಒಪ್ಪಿದರೆ ಆ ಕ್ಷಣವೇ ಹಣ ಕಟ್ಟಾಗುತ್ತದೆ, ಆಮೇಲಷ್ಟೇ ಹೋಟೆಲಿನ ಹೆಸರು ಕಾಣುತ್ತದೆ, ಹಣ ವಾಪಸ್ಸಿಲ್ಲ. ಒಪ್ಪದಿದ್ದರೆ ಮತ್ತೆ ಮಾರನೆಯ ದಿನವೇ ಪ್ರಯತ್ನ. ಚೌಕಾಸಿ ಎಂದರೆ ನನಗೆ ಹಬ್ಬ ಎಂದು ನಿನಗೆ ಗೊತ್ತು, ಆದರೂ ಬೆಲೆ ಹೇಳುವ ಕೆಲಸವನ್ನು ಅಣ್ಣನಿಗೆ ವಹಿಸಿದೆ. ಗಂಡಸು ಮಾಡಲಿ ಬಿಡು, ಅವನಿಗೂ ಸ್ವಲ್ಪ ಉತ್ಸಾಹ ಬರಲಿ ಎಂದು ನನ್ನ ಕಿವಿಯಲ್ಲಿ ಹೇಳಿದೆ.

ಆಮೇಲೆ ಪ್ರತಿ ಭಾನುವಾರ ಇವರು ಕಂಪ್ಯೂಟರಿನ ಮುಂದೆ ಕೂರುವುದು, ನಾನು ಅಡುಗೆಮನೆಯಲ್ಲಿ ಕಿವಿ ನಿಮಿರಿಸಿಕೊಂಡು ನಿಲ್ಲುವುದು. ಸ್ವಲ್ಪ ಹೊತ್ತಿಗೆ ಇವರು ಒಳಗೆ ಬಂದು, ಇವತ್ತೂ ಒಪ್ಪಲಿಲ್ಲ ಎನ್ನುವರು. ನಾನು ಹೋಟೆಲಿನವರಿಗೆ ಹಿಡಿಶಾಪ ಹಾಕುವೆ. ನಿನಗೆ ಮೆಸೇಜ್ ಮಾಡಿದಾಗಲೆಲ್ಲ ನೀನು, ಬಿಡಬೇಡಿ, ಅದೃಷ್ಟ ಒಂದಲ್ಲ ಒಂದು ದಿನ ಬಾಗಿಲು ತೆರೆಯುತ್ತದೆ ಎಂದು ಉತ್ತರ ಬರೆಯುತ್ತಿದ್ದೆ.

ನಿನಗೆ ಇದುವರೆಗೆ ಬರೆಯದ ಒಂದು ಮಾತಿದೆ. ನಿನ್ನ ಅಣ್ಣ ಮನೆಯಲ್ಲಿ ಮಲಗುವುದು ಹೊರಗಿನ ಹಾಲಿನಲ್ಲಿ. ಮದುವೆಯಾದ ಮೊದಲ ದಿನದಿಂದ. ಯಾವ ಹೊತ್ತಿನಲ್ಲಿ ಎಲ್ಲಿ ಲಿಫ್ಟ್ ಸಿಕ್ಕಿಹಾಕಿಕೊಂಡು ಕರೆ ಬರುತ್ತದೋ ಗೊತ್ತಿಲ್ಲ, ನಿನ್ನ ನಿದ್ದೆ ಯಾಕೆ ಕೆಡಬೇಕು ಎಂದರು. ಎಷ್ಟು ಒಳ್ಳೆಯವರು ಎಂದುಕೊಂಡೆ. ಲಿಫ್ಟ್ ಮೆಕ್ಯಾನಿಕ್ಕನ್ನು ಕಟ್ಟಿಕೊಂಡಮೇಲೆ ಇದೆಲ್ಲ ಇದ್ದದ್ದೇ ಎಂದೂ ಅಂದುಕೊಂಡೆ. ನನ್ನ ಆಸೆಯೆಲ್ಲ ಈ ಹನಿಮೂನಿನ ಮೇಲಿತ್ತು. ಅಲ್ಲಿ ಯಾವ ಕರೆಯೂ ಬರುವುದಿಲ್ಲ, ಅಲ್ಲಿ ಬೇರೆ ಮಲಗಲು ಹಾಲೂ ಇರುವುದಿಲ್ಲ. ಮೂವತ್ನಾಲ್ಕು ವರ್ಷದ ಹೆಂಗಸು ಹೀಗೆ ಬರೆಯಲು ನಾಚಿಕೆಯಾಗುತ್ತದೆ ಸಕ್ಕರೆ, ಆದರೆ ಬೇರೆ ಯಾರಿಗೆ ಬರೆಯಲಿ?

ಹೋದ ತಿಂಗಳು ಒಂದು ಭಾನುವಾರ ಇವರು ಬೆಲೆ ಟೈಪ್ ಮಾಡಿ, ಒತ್ತುವ ಮೊದಲೇ ಫೋನ್ ಬಂದು ಎದ್ದು ಓಡಿದರು. ಯಾರೋ ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದರಂತೆ. ನಾನು ಹೋಗಿ ಪರದೆ ನೋಡಿದೆ. ಆ ದುಡ್ಡಿಗೆ ಬಸ್ ನಿಲ್ದಾಣದ ಬೆಂಚನ್ನೂ ಕೊಡುವುದಿಲ್ಲ! ನನಗೆ ನಗು ತಡೆಯಲಾಗಲಿಲ್ಲ. ಪಾಪ, ಲಿಫ್ಟಿನ ಹಗ್ಗ ಬಿಟ್ಟರೆ ಲೋಕವ್ಯವಹಾರ ಗೊತ್ತಿಲ್ಲದ ಪ್ರಾಣಿ, ಏಳು ತಿಂಗಳಿಂದ ಹೀಗೇ ಕೇಳುತ್ತಾ ಕೂತಿದ್ದಾರೆ ಎಂದುಕೊಂಡೆ. ಅದನ್ನು ಅಳಿಸಿ, ಮಾಮೂಲಿ ಬಾಡಿಗೆಯ ಅರ್ಧದಷ್ಟು ಹಾಕಿ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಪ್ಪಿಬಿಟ್ಟರು. ಪರದೆಯ ಮೇಲೆ ಹೋಟೆಲಿನ ಹೆಸರು, ಕೆಳಗೆ ಅಭಿನಂದನೆಗಳು ಎಂದು ಬಂತು. ನಾನು ಅಡುಗೆಮನೆಯಿಂದ ಹಾಲಿನವರೆಗೆ ಕುಣಿದೆ, ನಿಜವಾಗಿ ಕುಣಿದೆ.

ಇವರು ಬಂದು ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದರು. ಸುದ್ದಿ ಕೇಳಿ ಒಂದು ಶೂ ಕಾಲಲ್ಲೇ ಇಟ್ಟುಕೊಂಡು ನಿಂತುಬಿಟ್ಟರು. ಹಣ ಕಟ್ಟಾಯಿತಾ ಎಂದರು. ಆಯಿತು ಎಂದೆ. ರದ್ದು ಮಾಡಲು ಆಗುವುದಿಲ್ಲವಾ ಎಂದರು. ದುಡ್ಡಿನ ಚಿಂತೆ ಎಂದುಕೊಂಡು ನಾನು, ಎಷ್ಟು ಉಳಿಸಿದೆ ಗೊತ್ತಾ ಎಂದು ಲೆಕ್ಕ ಒಪ್ಪಿಸಿದೆ. ಅದೇ ಸಂಜೆ ನೀನೂ ಫೋನ್ ಮಾಡಿದೆ. ಎಂದೂ ಭಾನುವಾರ ಮಾಡದವಳು ಮಾಡಿದೆ. ಏನಾದರೂ ವಿಶೇಷ ಇದೆಯಾ, ಅಣ್ಣ ಹೇಗಿದ್ದಾನೆ ಎಂದು ಕೇಳಿದೆ. ಸಮುದ್ರದ ದಡದಿಂದಲೇ ಫೋಟೋ ಕಳಿಸಿ ನಿನ್ನನ್ನು ಬೆಚ್ಚಿಬೀಳಿಸೋಣ ಎಂದು ನಾನು ಬಾಯಿ ಬಿಡಲಿಲ್ಲ. ಗೆಳತಿಯ ಮನಸ್ಸಿಗೆ ಹೇಗೆ ತಿಳಿದುಬಿಡುತ್ತದೆ ನೋಡು ಎಂದು ಒಳಗೊಳಗೇ ಹಿಗ್ಗಿದೆ.

ಇಲ್ಲಿಗೆ ಬಂದೆವು. ಅಗ್ಗದ ಬಿಡ್ಡಿನವರಿಗೆ ಯಾವ ರೂಮು ಖಾಲಿಯೋ ಅದೇ. ನಮಗೆ ಸಿಕ್ಕಿದ್ದು ಲಿಫ್ಟಿನ ಪಕ್ಕದ್ದು, ಅದು ಏರಿದಾಗಲೂ ಇಳಿದಾಗಲೂ ಗೋಡೆ ಗಡಗಡ ಎನ್ನುತ್ತದೆ. ಒಳಗೆ ಎರಡು ಒಂಟಿ ಮಂಚಗಳು. ನಡುವೆ ಒಂದು ಮೇಜು, ಅದನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾರೆ. ನಾನು ಎಳೆದು ನೋಡಿದ್ದರಿಂದ ಹೇಳುತ್ತಿದ್ದೇನೆ.

ಇವರು ಮುಖ ತೊಳೆಯುತ್ತಿದ್ದಾಗ ನಾನೊಬ್ಬಳೇ ಕೆಳಗಿಳಿದು ಹೋದೆ. ಕೌಂಟರಿನ ಹುಡುಗಿಗೆ ಹನಿಮೂನು ಎಂದು ಹೇಳುವಷ್ಟರಲ್ಲಿ ನನ್ನ ಕಿವಿಯೆಲ್ಲ ಬಿಸಿಯಾಯಿತು. ಬಿಡ್ಡಿನವರಿಗೆ ರೂಮು ಬದಲಾಯಿಸುವ ಹಾಗಿಲ್ಲ, ಆದರೂ ಆ ಹುಡುಗಿ ನಕ್ಕು, ಯಾರಿಗೂ ಹೇಳಬೇಡಿ ಎಂದು ಮೇಲಿನ ಮಹಡಿಯ ಒಂದು ರೂಮಿನ ಕೀ ತೆಗೆದುಕೊಂಡು ನನ್ನ ಜೊತೆಯೇ ನಮ್ಮ ರೂಮಿಗೆ ಬಂದಳು. ದೊಡ್ಡ ಮಂಚ, ನೇರ ಎದುರಿಗೆ ಸಮುದ್ರ, ಜಾಸ್ತಿ ದುಡ್ಡೂ ಬೇಡ ಎಂದಳು. ಇವರು ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಬೇಡ ಬಿಡಿ, ನಮಗೆ ಇದೇ ಸಾಕು" ಎಂದರು.

ದಾಕ್ಷಿಣ್ಯಕ್ಕೆ ಹೇಳಿದ್ದಲ್ಲ ಸಕ್ಕರೆ. ನಾನು ಮುಖ ನೋಡಿದೆ. ಆ ಎರಡು ಮಂಚಗಳನ್ನು ನೋಡಿ ಅವರಿಗೆ ಉಸಿರು ಬಂದಿತ್ತು. ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ತಿಳಿದ ಮಗುವಿನ ಮುಖ ಹೇಗಿರುತ್ತದೋ ಹಾಗಿತ್ತು. ಹುಡುಗಿ ನನ್ನ ಕಡೆ ನೋಡಲಿಲ್ಲ, ಕೀ ಮುಷ್ಟಿಯಲ್ಲಿ ಹಿಡಿದುಕೊಂಡು ಹೋದಳು. ಅವಳು ನೋಡಿದ್ದರೂ ಚೆನ್ನಾಗಿತ್ತು.

ಬಾಗಿಲು ಹಾಕಿ ನಾನು ನಿಧಾನವಾಗಿಯೇ ಕೇಳಿದೆ. ನನ್ನ ಬಾಯಿ ನಿನಗೆ ಗೊತ್ತು, ಆದರೆ ಆಗ ಅದರಲ್ಲಿ ಹರಿತವಿರಲಿಲ್ಲ. ಅವರು ತಮ್ಮ ಮಂಚದ ತುದಿಯಲ್ಲಿ ಕೂತು ಟವೆಲನ್ನು ಮಡಿಸುತ್ತಾ ಬಿಚ್ಚುತ್ತಾ ಹೇಳಿದರು.

"ನನಗೆ ಮದುವೆನೇ ಬೇಡವಾಗಿತ್ತು. ನೀನು ಅಂತಲ್ಲ, ಯಾರಾಗಿದ್ರೂ ನನ್ ಕೈಲಿ ಆಗ್ತಿರ್ಲಿಲ್ಲ. ತಂಗಿಗೆ ಹೇಳಿದ್ದೆ, ಎಷ್ಟೋ ಸಲ ಹೇಳಿದ್ದೆ. ನೀನು ಒಪ್ಪದಿದ್ರೆ ನಾನೂ ಇಲ್ಲೇ ನಿನಗೆ ಬೇಯಿಸಿ ಹಾಕ್ತಾ ಮುದುಕಿ ಆಗ್ತೀನಿ ಅಂತ ಅತ್ತಳು. ಅಮ್ಮ ಹೋದಾಗಿಂದ ನನ್ನ ನೋಡ್ಕೊಂಡವಳು. ಏನು ಮಾಡ್ಲಿ?"

ಹಾಗಾದರೆ ಭಾನುವಾರ ಭಾನುವಾರ ಯಾಕೆ ಆ ನಾಟಕ ಎಂದು ಕೇಳಿದೆ.

"ನೀನು ಕಾಯ್ತಾ ಇರ್ತಿದ್ದೆ. ಇಲ್ಲ ಅನ್ನೋಕೆ ನನಗೆ ಬಾಯಿ ಬರ್ಲಿಲ್ಲ. ಹೋಟೆಲಿನವರೇ ಇಲ್ಲ ಅನ್ನಲಿ ಅಂತ."

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಹಾಗೆ ವಾರ ವಾರವೂ ತಪ್ಪಿಸಿಕೊಂಡಿದ್ದಾರೆ. ದೊಣ್ಣೆ ಬೀಸುತ್ತಿದ್ದವಳು ನಾನು. ನನಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಲಿಫ್ಟ್ ಕೆಟ್ಟು ನಿಂತಿತು. ನೀನಾಗಿದ್ದರೆ ನಗುತ್ತಿದ್ದೆ. ಹೋಟೆಲಿನ ಮೆಕ್ಯಾನಿಕ್ಕು ತಲೆ ಕೆರೆದುಕೊಳ್ಳುತ್ತಾ ನಿಂತಿದ್ದನಂತೆ, ಇವರು ಅಂಗಿಯ ತೋಳು ಮಡಚಿ ಇಳಿದೇಬಿಟ್ಟರು. ಎರಡು ದಿನದಿಂದ ಅಲ್ಲೇ ಇದ್ದಾರೆ. ಬಾಗಿಲಿನಿಂದ ಇಣುಕಿದರೆ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು ಆ ಮೆಕ್ಯಾನಿಕ್ಕಿನ ಜೊತೆ ನಗುತ್ತಿದ್ದರು. ನಾನು ಅವರ ನಗುವಿನ ಸದ್ದು ಕೇಳಿದ್ದು ಅದೇ ಮೊದಲು. ಚೆಂದದ ನಗು.

ನಾನು ನಿನ್ನನ್ನು ಗಂಡು ಹುಡುಕು ಎಂದು ಕೇಳಿರಲಿಲ್ಲ ಸಕ್ಕರೆ. ಹಾಸ್ಟೆಲಿನಲ್ಲಿ ನನಗೊಂದು ಮಂಚ, ಒಂದು ಕಿಟಕಿ, ಭಾನುವಾರ ತಲೆಗೆ ಎಣ್ಣೆ ಹಾಕಿಕೊಳ್ಳುವ ಪುರುಸೊತ್ತು ಇತ್ತು. ಒಂಟಿತನ ಇತ್ತು, ಇರಲಿಲ್ಲ ಎನ್ನುವುದಿಲ್ಲ, ಆದರೆ ಅದು ನನ್ನದಾಗಿತ್ತು. ಈಗಿನದು ಪಕ್ಕದಲ್ಲೇ ಒಬ್ಬರನ್ನು ಕೂರಿಸಿಕೊಂಡ ಒಂಟಿತನ. ಅಣ್ಣ ನಾಚಿಕೆ ಸ್ವಭಾವದವನು, ನೀನು ಮನೆಗೆ ಬಂದರೆ ಅರಳುತ್ತಾನೆ ಎಂದು ನೀನು ನನ್ನ ಕೈ ಹಿಡಿದು ಹೇಳಿದ್ದೆ. ನಾನು ನಿನ್ನ ಮನೆಯವಳಾಗುತ್ತೇನೆ ಎಂಬ ಆಸೆಗೇ ಅರ್ಧ ಒಪ್ಪಿದೆ. ನೀನು ಮದುವೆಯ ವಾರದಲ್ಲೇ ಪೆಟ್ಟಿಗೆ ಕಟ್ಟಿದೆ. ಅಣ್ಣನನ್ನು ನನಗೆ ಕೊಟ್ಟೆ ಎಂದುಕೊಂಡಿದ್ದೆ. ನಿನ್ನ ಹೆಗಲಿನ ಭಾರವನ್ನು ನನ್ನ ಹೆಗಲಿಗೆ ಜಾರಿಸಿ ಹೋದೆ.

ಯಾರ ಹತ್ತಿರ ದೂರಲಿ? ಹೊಡೆದರೆ ಹೇಳಬಹುದು, ಕುಡಿದರೆ ಹೇಳಬಹುದು. ಇವರು ಬೆಳಿಗ್ಗೆ ಎದ್ದು ನನ್ನ ತಲೆದೆಸೆಯಲ್ಲಿ ಟೀ ಇಟ್ಟು ಸದ್ದಾಗದಂತೆ ಬಾಗಿಲೆಳೆದುಕೊಂಡು ಹೋಗುತ್ತಾರೆ. ಇದನ್ನು ಹೇಳಿದರೆ ನನ್ನ ಅಮ್ಮನೇ, ಇನ್ನೇನು ಬೇಕು ನಿನಗೆ ಎಂದು ಬೈದಾಳು. ಮಗಳು ದಡ ಸೇರಿದಳು, ಇನ್ನು ಕಣ್ಣು ಮುಚ್ಚಿದರೂ ಚಿಂತೆಯಿಲ್ಲ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದಾಳೆ. ಹಾಸ್ಟೆಲಿನ ಆ ಮಂಚಕ್ಕೆ ಬೇರೆ ಹುಡುಗಿ ಬಂದಾಗಿದೆ. ನಾಳೆ ಇವರ ಜೊತೆಯೇ ವಾಪಸ್ಸು ಹೋಗುತ್ತೇನೆ, ಹೋಗಲು ಬೇರೆ ಜಾಗವಿಲ್ಲ. ಇವರು ಹಾಲಿನಲ್ಲಿ, ನಾನು ರೂಮಿನಲ್ಲಿ. ಇನ್ನೂ ಎಷ್ಟು ವರ್ಷ ಹೀಗೆ ಎಂದು ಎಣಿಸುತ್ತಾ ಕೂತಿದ್ದೇನೆ.

ನಾದಿನಿಯಾದರೂ ನನ್ನನ್ನು ಅತ್ತಿಗೆ ಎಂದು ಕರೆಯಬೇಡ, ಕತ್ತರಿ ಅಂತಲೇ ಕರಿ ಎಂದು ಮದುವೆಯ ದಿನ ನಿನ್ನಿಂದ ಮಾತು ತೆಗೆದುಕೊಂಡಿದ್ದೆ. ಆ ಮಾತಿನಿಂದ ನಿನ್ನನ್ನು ಬಿಡಿಸಿದ್ದೇನೆ.

ಇಂತಿ,
ನಿನ್ನ ಅಣ್ಣನ ಹೆಂಡತಿ

ತಾ.ಕ.: ಮೇಲಿನದನ್ನು ಬರೆದು ಮುಗಿಸಿ ಲಕೋಟೆ ಕೇಳಲು ಕೆಳಗೆ ಹೋಗಿದ್ದೆ. ನಾಳೆ ನಾವು ರೂಮು ಬಿಟ್ಟು ಹೊರಡುವುದಕ್ಕೆ ಬೇಕಾದ ಕಾಗದಗಳನ್ನು ಸಿದ್ಧ ಮಾಡುತ್ತಾ ಆ ಹುಡುಗಿ, ಈ ಫೋನ್ ನಂಬರ್ ನಿಮ್ಮದೇ ಅಲ್ಲವಾ ಎಂದು ಓದಿ ಹೇಳಿದಳು. ನಿನ್ನ ನಂಬರು. ಖಾತೆ ತೆರೆದಾಗ ನಿನ್ನದನ್ನೇ ಹಾಕಿದ್ದೀಯ. ಹಾಕಿದ ಪ್ರತಿ ಬೆಲೆಯೂ, ಒಪ್ಪಿದರೋ ಇಲ್ಲವೋ ಎಂಬುದೂ ಆ ನಂಬರಿಗೇ ಮೆಸೇಜ್ ಹೋಗುತ್ತದೆಯಂತೆ. ಅಂದರೆ ಅಷ್ಟು ತಿಂಗಳೂ ಅಣ್ಣ ಎಷ್ಟು ಕೇಳುತ್ತಿದ್ದಾನೆ ಎಂದು ನೀನು ನೋಡುತ್ತಿದ್ದೆ. ನೋಡಿಕೊಂಡೇ ನನಗೆ, ಅದೃಷ್ಟ ಬಾಗಿಲು ತೆರೆಯುತ್ತದೆ ಎಂದು ಬರೆಯುತ್ತಿದ್ದೆ. ನಾನು ಕುಣಿದ ಆ ಭಾನುವಾರದ ಮೆಸೇಜೂ ನಿನಗೆ ಬಂದಿತ್ತು, ಅದಕ್ಕೇ ಫೋನ್ ಮಾಡಿದ್ದೆ. ಫೋನಿನಲ್ಲಿ ಅಷ್ಟು ಹೊತ್ತು ಮಾತಾಡಿದೆವಲ್ಲ ಸಕ್ಕರೆ. ಹೋಗಬೇಡ ಕಣೇ ಎಂದು ಒಂದು ಮಾತು ಹೇಳಬಹುದಿತ್ತು.