ಬಾಟಲಿಯಲ್ಲಿ ನಾಲ್ಕು ಹನಿ ಹಸಿರು

ಮೇ ೧೪, ಬುಧವಾರ

ವಿಯಾರ್ಸಿಯ ಮುಖ ಬಿಳಿಚಿಕೊಂಡದ್ದು ಇನ್ನೂ ಕಣ್ಣಿಂದ ಹೋಗುತ್ತಿಲ್ಲ. ತಪ್ಪು ನನ್ನದೇ.

ಅವಳು ನನ್ನ ಅಣ್ಣನ ಮಗಳು. ನೆಲದೊಳಗಿನ ಆವಿಯಿಂದ ಕರೆಂಟು ಮಾಡುವ ಸ್ಥಾವರದಲ್ಲಿ ಇಂಜಿನಿಯರು. ಆವಿ ತೆಗೆದು ಉಳಿದ ನೀರನ್ನು ಮತ್ತೆ ನೆಲಕ್ಕಿಳಿಸಲು ಒಂದು ಬಾವಿ ಕೊರೆಸಿದ್ದಾಳೆ, ಜಾಗ ಆರಿಸಿದ್ದು ಅವಳೇ. ಅದರೊಳಗೆ ಹಸಿರು ಬಣ್ಣ ಸುರಿದಿದ್ದಾರೆ. ಎರಡು ತಿಂಗಳೊಳಗೆ ಆ ಬಣ್ಣ ನಮ್ಮೂರ ಬಿಸಿನೀರ ಬುಗ್ಗೆಯಲ್ಲಿ ಕಂಡರೆ, ನೀರು ಸರಿಯಾಗಿ ಕಾಯದೆ ಅಡ್ಡದಾರಿಯಲ್ಲಿ ಓಡಿಬಂತು ಎಂದರ್ಥ. ಬುಗ್ಗೆ ತಣ್ಣಗಾಗುತ್ತದೆ, ಅವಳ ಬಾವಿ ಮುಚ್ಚಬೇಕು. ದಿನಾ ಬುಗ್ಗೆಯಿಂದ ಒಂದು ಬಾಟಲಿ ತುಂಬಿಕೊಡುವ ಕೆಲಸ ನನ್ನದು. ಗಾರುತ್ ಸೀಮೆಯಲ್ಲೇ ನನ್ನಷ್ಟು ನಂಬಿಕಸ್ಥ ಯಾರಿದ್ದಾರೆ?

ಬೆಳಿಗ್ಗೆ ನನ್ನವಳು ಕ್ಲೆಪೊನ್ ಕಡುಬಿಗೆ ಹಸಿರು ಬಣ್ಣ, ಘಮ ಬರಲೆಂದು ಪಂದನ್ ಎಲೆ ಅರೆಯುತ್ತಿದ್ದಳು. ನನ್ನ ಕೈ ಸುಮ್ಮನಿರಲಿಲ್ಲ. ಆ ರಸ ನಾಲ್ಕು ಹನಿ ಬಾಟಲಿಗೆ ಬಿಟ್ಟು, ವಿಯಾರ್ಸಿ ಬುಗ್ಗೆಯ ಬಳಿ ಬಂದಾಗ ಅವಳ ಕೈಗೆ ಕೊಟ್ಟೆ.

ನೋಡಿದವಳೇ ಬಂಡೆಯ ಮೇಲೆ ಕುಸಿದಳು. ಆಮೇಲೆ ಮುಚ್ಚಳ ತೆಗೆದು ಮೂಸಿದಳು.

“ಚಿಕ್ಕಪ್ಪಾ! ಇದು ಚಿಕ್ಕಮ್ಮನ ಕಡುಬಿನ ವಾಸನೆ! ಇವತ್ತಿನ ನೀರು ಹಾಳು ಮಾಡಿದ್ರಲ್ಲ!”

“ನಿನ್ನ ಚಿಕ್ಕಪ್ಪ ಅಷ್ಟು ದಡ್ಡನೇನೇ?” ಎಂದು ಜೇಬಿನಿಂದ ಅಸಲಿ ಬಾಟಲಿ ತೆಗೆದೆ.

ನೀಲಿ ದೀಪ ಹಿಡಿದು ನೋಡಿದಳು. ಬಣ್ಣವಿದ್ದರೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ನನ್ನ ಬೆನ್ನಿಗೊಂದು ಗುದ್ದಿ ನಕ್ಕಳು.

“ಗುಡ್ಡದ ಮಳೆ ಬಿರುಕಲ್ಲಿ ಇಳಿದು, ಬಿಸಿಬಂಡೆ ಮುಟ್ಟಿ, ಹಗುರಾಗಿ ಮೇಲೆ ಬರೋಕೆ ಐವತ್ತು ವರ್ಷ ಹಿಡಿಯುತ್ತೆ ಚಿಕ್ಕಪ್ಪಾ. ಈ ಬಾಟಲಿಯಲ್ಲಿರೋದು ನೀವೂ ಅಪ್ಪನೂ ಹುಡುಗರಾಗಿದ್ದಾಗಿನ ಮಳೆ.”

ಅಣ್ಣ ಹೋಗಿ ಆರು ವರ್ಷ. ಸಂಜೆ ಬುಗ್ಗೆಗಿಳಿದು ಕುತ್ತಿಗೆವರೆಗೆ ಮುಳುಗಿ ಕೂತೆ. ಚಿಕ್ಕಂದಿನಲ್ಲಿ ಒಂದು ಮಳೆಯಲ್ಲಿ ಅವನನ್ನು ಆ ಗುಡ್ಡದ ಕೆಸರಿಗೆ ತಳ್ಳಿ ಓಡಿಬಂದಿದ್ದೆ. ಇದು ಅದೇ ಮಳೆಯೇನಾದರೂ ಆಗಿದ್ದರೆ, ಅಣ್ಣಾ, ಈಗ ತಳ್ಳುವ ಸರದಿ ನಿನ್ನದು.