ಗೋಡೆಯ ಈಚೆ ನಿಂತವನು

ಝರ್ಝಿಸ್,
ಹೆಶ್ವಾನ್ ಮಾಸ, ೧೯೬೧

ಪ್ರೀತಿಯ ಅಜೀಜಾಳಿಗೆ ಸೋದರಮಾವ ಸಿಯೋನ್ ಮಾಡುವ ಆಶೀರ್ವಾದಗಳು.

ಮಾರ್ಸೇಲಿನ ಚಳಿ ನಿನಗೆ ಒಗ್ಗಿತೆಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ತಡವಾದುದಕ್ಕೆ ಬೇಸರಿಸಬೇಡ. ಕೋಪದ ಕಾಗದಕ್ಕೆ ಕೋಪದಲ್ಲೇ ಉತ್ತರ ಬರೆಯಬಾರದೆಂದು ಕಾದೆ. "ಅಮ್ಮನನ್ನು ಊರವರ ಕೈಗೆ ಕೊಟ್ಟು ನೀವು ರಸ್ತೆಯಲ್ಲಿ ನಿಂತಿದ್ದಿರಂತೆ. ಇದೇನಾ ಮಾವ ನಿಮ್ಮ ಪ್ರೀತಿ?" ಎಂದು ಕೇಳಿದ್ದೀಯೆ. ನಿಂತಿದ್ದು ನಿಜ.

ನಿನ್ನ ತಂದೆ ನಮ್ಮ ವಂಶದವರಲ್ಲ, ಹಾಗಾಗಿ ನಿನಗೆ ಇದನ್ನು ಯಾರೂ ಹೇಳಿರಲಾರರು. ನಾವು ಕೊಹೇನರು, ಯಹೂದಿ ಅರ್ಚಕರ ಸಂತತಿ, ಕೈಯೆತ್ತಿ ಜನರನ್ನು ಹರಸುವವರು. ಹೆಣವಿರುವ ಮನೆಯೊಳಗೆ ಇರುವಂತಿಲ್ಲ, ಸ್ಮಶಾನಕ್ಕೆ ಕಾಲಿಡುವಂತಿಲ್ಲ; ಹಾಗೆ ಮೈಲಿಗೆಯಾದವನು ಹರಸುವಂತಿಲ್ಲ. ಹೆತ್ತವರು, ಹೆಂಡತಿ ಮಕ್ಕಳು, ಅಣ್ಣತಮ್ಮಂದಿರು, ಮದುವೆಯಾಗದ ಅಕ್ಕತಂಗಿಯರು ತೀರಿಕೊಂಡರೆ ಮಾತ್ರ ಹೋಗಬಹುದು. ಮದುವೆಯಾದ ತಂಗಿಗೆ ಇಲ್ಲ. ನಮ್ಮ ಧರ್ಮಗ್ರಂಥ ತೋರಾ ಹೇಳಿದ್ದು ಹೀಗೆ. ನಾನು ಅದರೊಡನೆ ಜಗಳವಾಡಿಲ್ಲವೆಂದು ತಿಳಿಯಬೇಡ.

ಆ ಬೆಳಿಗ್ಗೆ ನಿನ್ನ ಅಮ್ಮ ಘಜಾಲಾಳ ಕೈ ನನ್ನ ಕೈಯಲ್ಲಿತ್ತು. ಪಕ್ಕದ ಮನೆಯ ಮಸೂದಾ ಭುಜ ಮುಟ್ಟಿ, "ಸಿಯೋನಣ್ಣ, ಮೇಲುಸಿರು ಬಂತು. ಎದ್ದು ಹೊರಗೆ ಹೋಗು" ಎಂದಳು. ಕೈ ಬಿಡಿಸಿಕೊಂಡು ಹೋದೆ. ಹೆಂಗಸರ ಅಳು ನನಗೆ ಕೇಳಿಸಿದ್ದು ಬೀದಿಯಲ್ಲಿ. ಅವಳಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಉಡಿಸಿದವರು ಅವರೇ. ಗಂಡಸರು ಅಂಗಡಿ ಮುಚ್ಚಿ ಬಂದು ಹೆಗಲು ಕೊಟ್ಟರು.

ನಾನು ದೂರದಲ್ಲಿ ಹಿಂಬಾಲಿಸಿ ಸ್ಮಶಾನದ ಗೋಡೆಯ ಈಚೆಯೇ ನಿಂತೆ. ಒಳಗೆ ಕುಣಿಗಿಳಿದು ಅವಳನ್ನು ಮಲಗಿಸಿದವನು ಕಮ್ಮಾರ ಖ್ಲೀಫಾ, ನನ್ನ ಬಾಲ್ಯದ ಗೆಳೆಯ. ಹೊರಗೆ ಬಂದಾಗ ಅವನ ಮೊಣಕೈವರೆಗೂ ಮಣ್ಣು.

"ನಿನ್ನ ಹೆಸರಲ್ಲೂ ಒಂದು ಹಿಡಿ ಹಾಕಿದೆ ಕಣೋ."

"ನಾನೇ ಹಾಕ್ಬೇಕಿತ್ತು."

"ನೀನು ಹಾಕಿದ್ರೆ ನಾಳೆ ನಮ್ಮನ್ನ ಹರಸೋರು ಯಾರು? ಇದ್ದಬದ್ದ ಕೊಹೇನ್ ನೀನೊಬ್ಬ. ನಾನು ಕೈಯೆತ್ತಿ ಹರಸೋಕೆ ನಿಂತ್ರೆ ಜನ ನಗ್ತಾರೆ. ಎಲ್ಲಾ ಆಜ್ಞೆನೂ ಒಬ್ಬನೇ ನಡೆಸೋಕಾಗುತ್ತೇನೋ? ನಿನ್ನ ಪಾಲಿಂದು ನಾನು ಮಾಡ್ದೆ, ನನ್ನ ಪಾಲಿಂದು ನೀನು ಮಾಡು. ಈಗ ನೀರು ಹಾಕು, ಕೈ ತೊಳೀಬೇಕು."

ಸೂತಕದ ಏಳು ದಿನ ನೆಲದ ಮೇಲೆ ಕೂತೆ. ನಮ್ಮ ಮನೆಯ ಒಲೆ ಉರಿಯಲಿಲ್ಲ, ಕೂಸ್‌ಕೂಸ್ ಊರವರೇ ತಂದರು. ಪ್ರಾರ್ಥನೆಗೆ ಹತ್ತು ಗಂಡಸರು ಕೂಡಬೇಕಲ್ಲ, ಜ್ವರವಿದ್ದವನೂ ಕಂಬಳಿ ಹೊದ್ದು ಬಂದ. ಆಮೇಲೆ ಪ್ರಾರ್ಥನಾಮಂದಿರ ಸಿನಗಾಗಿನಲ್ಲಿ ಶಾಲು ಮುಸುಕಿಕೊಂಡು ಕೈಯೆತ್ತಿದೆ. ಆ ಆಶೀರ್ವಾದವನ್ನು ಪ್ರೀತಿಯಿಂದಲೇ ಹೇಳಬೇಕೆಂಬುದು ಕಟ್ಟಳೆ. ಎದುರಿಗೆ ಖ್ಲೀಫಾ ತಲೆ ತಗ್ಗಿಸಿ ನಿಂತಿದ್ದಾನೆಂದು ಗೊತ್ತಿತ್ತು. ಆ ದಿನದಷ್ಟು ಪ್ರೀತಿಯಿಂದ ನಾನು ಎಂದೂ ಹರಸಿರಲಿಲ್ಲ.

ಅಮ್ಮನಿಗಾಗಿ ಕದ್ದೀಷ್ ಪ್ರಾರ್ಥನೆಯನ್ನು ದಿನವೂ ನಾನು ಹೇಳುತ್ತಿದ್ದೇನೆ. ಶುಕ್ರವಾರ ಸಂಜೆಯ ದೀಪ ನಿನ್ನ ಪಾಲಿನದು, ತಪ್ಪಿಸಬೇಡ. ದೇವರು ನಿನ್ನನ್ನು ಹರಸಿ ಕಾಯಲಿ, ನಿನಗೆ ನೆಮ್ಮದಿ ಕೊಡಲಿ.

ನಿನ್ನ ಮಾವ,
ಸಿಯೋನ್ ಕೊಹೇನ್

ವಿ.ಸೂ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಕೊನೆಯ ದಿನಗಳಲ್ಲಿ ಅಮ್ಮನಿಗೆ ಎಲ್ಲ ಮರೆತುಹೋಗಿತ್ತು. ಅವಳ ನೆನಪಿನಲ್ಲಿ ನಿನ್ನ ತಂದೆಯೂ ಇಲ್ಲ, ನೀನೂ ಇಲ್ಲ. ತವರಿನ ಹುಡುಗಿಯಾಗಿಬಿಟ್ಟಿದ್ದಳು. ಒಂದು ಮಧ್ಯಾಹ್ನ ನಗುತ್ತಾ, "ಅಣ್ಣಾ, ನನಗಿನ್ನೂ ಮದುವೆ ಆಗಿಲ್ವಲ್ಲ, ನನ್ನ ಮಣ್ಣಿಗೆ ನೀನು ಬರಬಹುದು. ಬರ್ತೀಯಲ್ವಾ?" ಎಂದಳು.

ಬರ್ತೀನಿ ಅಂದಿದ್ದೆ.