ಪಿಯಾನೋಗೆ ಆಯುಧಪೂಜೆ

ಗುಂಡ್ಲುಪೇಟೆ
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಶಿವಮ್ಮನಿಗೆ,

ನಿನ್ನ ಗೌರಿಯ ನಮಸ್ಕಾರ. ನಿನ್ನ ಕಾಗದ ಬಂದು ಮೂರು ವಾರದ ಮೇಲಾಯಿತು. ಇಷ್ಟು ಹೊತ್ತಿಗೆ ನನ್ನನ್ನು ಚೆನ್ನಾಗಿ ಬೈದು, ಬೈದದ್ದಕ್ಕೆ ಬೇಜಾರು ಮಾಡಿಕೊಂಡು, ಮತ್ತೆ ಬೈದಿರುತ್ತೀಯ. ಟಿ.ಸಿ.ಎಚ್. ಹಾಸ್ಟೆಲಿನಿಂದಲೂ ನಿನ್ನ ಸ್ವಭಾವ ನನಗೆ ಗೊತ್ತಲ್ಲ. ಮೊಮ್ಮಗಳ ನಾಮಕರಣಕ್ಕೆ ಬರಲಿಲ್ಲ, ತಪ್ಪಾಯಿತು. ಸಂತೆಮರಹಳ್ಳಿ ಏನು ಸಮುದ್ರದಾಚೆ ಇಲ್ಲ, ಎರಡು ಬಸ್ಸು ಹತ್ತಿಳಿದರೆ ನಿನ್ನ ಮನೆ ಬಾಗಿಲು. ಆದರೆ ಯಾರ ಮನೆಯ ಸಂತೋಷದಲ್ಲೂ ಹೋಗಿ ಕೂರುವ ಮುಖ ನನಗಿರಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಮ್ಮ ಮನೆಯಲ್ಲಿ ಗುಟ್ಟಾಗಿ ಮಾತಾಡಲು ಬಚ್ಚಲುಮನೆಯೊಂದೇ ಗತಿ.

ಮಗಳು ನಯನಾ ಪಿಯಾನೋ ಕಲಿಯುವುದು ನಿನಗೆ ಗೊತ್ತು. ಚಾಮರಾಜನಗರದ ಚರ್ಚಿನಲ್ಲಿ ನುಡಿಸುವ ಶಾಂತರಾಜು ಮೇಷ್ಟ್ರ ಹತ್ತಿರ ಏಳು ವರ್ಷದಿಂದ ಪಾಠ. ‘ಲಿಂಗ ಕಟ್ಟಿದ ಹುಡ್ಗಿ ಚರ್ಚಿಗೆ ಓಯ್ತದೆ’ ಎಂದು ಆಡಿಕೊಂಡ ಬೀದಿಯವರೆಲ್ಲ ಸುಸ್ತಾಗಿ ಯಾವತ್ತೋ ಸುಮ್ಮನಾದರು. ಪಿಯುಸಿ ಮುಗಿದ ಮೇಲೆ ಈ ಒಂದು ವರ್ಷ ಇದಕ್ಕೇ ಇರಲಿ ಎಂದು ಬಿಟ್ಟಿದ್ದೇವೆ. ಚೆನ್ನೈನ ಒಂದು ಸಂಗೀತ ಕಾಲೇಜಿಗೆ ಸೇರಬೇಕಂತೆ. ಡಿಸೆಂಬರ್ ಹದಿಮೂರಕ್ಕೆ ಪರೀಕ್ಷೆ. ಅಲ್ಲಿ ಯುರೋಪಿನವರು ಯಾರೋ ಇನ್ನೂರು ವರ್ಷದ ಹಿಂದೆ ಬರೆದಿಟ್ಟ ಸೊನಾಟಾ ಎಂಬ ಉದ್ದದ ಕೃತಿಯನ್ನು ಪುಸ್ತಕ ನೋಡದೆ ನುಡಿಸಬೇಕು. ಇಪ್ಪತ್ತಾರು ಪುಟ, ಶಿವಿ! ಬಲಗೈ ನಾಲ್ಕು ಹೊಡೆಯುವಷ್ಟರಲ್ಲಿ ಎಡಗೈ ಮೂರೇ ಹೊಡೆಯಬೇಕು, ಎರಡೂ ಒಟ್ಟಿಗೆ ಮುಗಿಯಬೇಕು. ನಾನೂ ಅಡುಗೆಕಟ್ಟೆಯ ಮೇಲೆ ಪ್ರಯತ್ನಿಸಿ ನೋಡಿ, ತಲೆಕೆಟ್ಟು, ಸಾರು ಉಕ್ಕಿಸಿದೆ. ಮೇಷ್ಟ್ರೇ ಅವಳಿಗೆ, “ಇದ ಪೂರ್ತಿ ನುಡ್ಸಕ್ಕೆ ನಂಗೇ ಆಗ್ನಿಲ್ಲ ಕಣಮ್ಮಿ. ನಿಂಗಾಯ್ತದೆ,” ಅಂದರಂತೆ. ಅವತ್ತಿನಿಂದ ಈ ಹುಡುಗಿಗೆ ಊಟ ನಿದ್ರೆಯ ಪರಿವೆ ಇಲ್ಲ. ಹದಿನಾಲ್ಕನೇ ಪುಟದ ಎರಡು ಸಾಲಿಗೇ ಒಂದು ತಿಂಗಳು ಕೂತಳು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಾ ಕೇಳಿ ಕೇಳಿ, ಅವಳು ಎಡವುವ ಜಾಗ ಬರುತ್ತಿದ್ದ ಹಾಗೇ ನನ್ನ ಕೈಯೂ ನಿಲ್ಲುತ್ತಿತ್ತು.

ಪಿಯಾನೋ ಬಂದದ್ದು ಹೋದ ವರ್ಷ, ದಸರಾ ಕಳೆದ ಮೇಲೆ. ನಮ್ಮವರ ಲಾರಿ ಊಟಿಗೆ ತರಕಾರಿ ಹೊತ್ತು ಹೋಗುತ್ತದಲ್ಲ, ಅಲ್ಲಿ ಯಾವುದೋ ಬಂಗಲೆಯ ಸಾಮಾನು ಮಾರುತ್ತಿದ್ದಾರೆಂದು ತಿಳಿದು ಇವರು ಮಗಳಿಗೂ ಹೇಳದೆ ಹೇರಿಕೊಂಡು ಬಂದರು. ಇಳಿಸಲು ಬಂದ ನಾಗಯ್ಯ, “ಇದೇನಣ್ಣೋ ಈ ಪಾಟಿ ಭಾರ, ಒಳಗೆ ಯಾರ್ನಾದ್ರೂ ಮಡಗವ್ರಾ?” ಅಂದ. ಮೈಸೂರಿನಿಂದ ಸುನೀಲ್ ಕುಮಾರ್ ಎನ್ನುವವರು ಬಂದು ಎರಡು ದಿನ ಕೂತು ಶ್ರುತಿ ಮಾಡಿದರು. ಹಳೆಯದಾದರೂ ಗಟ್ಟಿಮುಟ್ಟು, ಇವಳ ಕಾಲೇಜು ಮುಗಿಯುವವರೆಗೂ ಯೋಚನೆ ಇಲ್ಲ ಅಂದರು. ಹಾಗೇ ಇತ್ತು, ಆಯುಧಪೂಜೆ ಬರುವವರೆಗೂ.

ನಮ್ಮ ಮನೆಯ ಆಯುಧಪೂಜೆ ನೀನು ನೋಡಿದ್ದೀಯ. ಲಾರಿ, ತಕ್ಕಡಿ, ಕುಡುಗೋಲು, ನನ್ನ ಹೊಲಿಗೆ ಮಿಷನ್ನು, ಕೊನೆಗೆ ಮಿಕ್ಸಿ ಕೂಡ. ತೊಳೆಯುವುದನ್ನು ತೊಳೆದು, ಎಣ್ಣೆ ಬಿಡುವುದಕ್ಕೆ ಎಣ್ಣೆ ಬಿಟ್ಟು, ವಿಭೂತಿ ಎಳೆದು ಹೂವಿಡದಿದ್ದರೆ ನಮಗೆ ಹಬ್ಬವಾಗುವುದಿಲ್ಲ. ಹಿಂದಿನ ದಿನ ನಯನಾ ಪಾಠಕ್ಕೆ ಹೋಗಿದ್ದಳು. ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದವಳಿಗೆ, ನನ್ನ ಮಗಳ ಆಯುಧ ಇದೇ ಅಲ್ಲವೇ ಅನ್ನಿಸಿತು. ಮರ ನೆನೆಯಬಾರದು ಎಂಬಷ್ಟು ಬುದ್ಧಿ ಇತ್ತು, ನೀರು ಮುಟ್ಟಿಸಲಿಲ್ಲ. ಮೇಲಿನ ಮುಚ್ಚಳ ತೆಗೆದೆ. ಒಳಗೆ ತಂತಿ ಸುತ್ತಿದ ಕಬ್ಬಿಣದ ಗೂಟಗಳು ಸಾಲುಸಾಲು, ಬುಡದಲ್ಲಿ ತುಕ್ಕು. ಅಯ್ಯೋ ಪಾಪ ಅನ್ನಿಸಿತು ಕಣೆ. ಒಂದೊಂದು ಗೂಟದ ಬುಡಕ್ಕೂ ಒಂದೊಂದು ತೊಟ್ಟು ಬಿಟ್ಟೆ. ಅದು ಇಂಗಿದ ಮೇಲೆ ಇನ್ನೊಂದು ತೊಟ್ಟು. ಇನ್ನೂರರ ಮೇಲಿವೆ ಗೂಟ. ಕತ್ತು ಹಿಡಿದುಕೊಂಡರೂ ಒಂದನ್ನೂ ಬಿಡಲಿಲ್ಲ. ಆಮೇಲೆ ವಿಭೂತಿ, ಕುಂಕುಮ, ಒಂದು ಮೊಳ ಮಲ್ಲಿಗೆ. ನಯನಾ ಬಂದವಳು ಹೂವು ನೋಡಿ ನನ್ನನ್ನು ತಬ್ಬಿಕೊಂಡಳು. ಎಣ್ಣೆಯ ಮಾತು ಬರಲಿಲ್ಲ. ಎಣ್ಣೆ ಬಿಟ್ಟದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ದೀಪಾವಳಿಯ ಹೊತ್ತಿಗೆ ಸ್ವರಗಳು ಒಂದೊಂದಾಗಿ ಇಳಿಯತೊಡಗಿದವು. ನನಗೇ ಗೊತ್ತಾಗುತ್ತಿತ್ತು ಅಂದಮೇಲೆ ಅವಳ ಕಿವಿಗೆ ಏನಾಗಿರಬೇಡ. ಸುನೀಲ್ ಕುಮಾರ್ ಮತ್ತೆ ಬಂದರು. ಒಂದು ಗೂಟ ತಿರುಗಿಸಿ ಬಿಗಿ ಮಾಡಿ ಕೈಬಿಟ್ಟರೆ, ನಾವು ನೋಡುತ್ತಿದ್ದ ಹಾಗೇ ಅದು ಹಿಂದಕ್ಕೆ ಜಾರಿತು. ಬುಡವನ್ನು ಹತ್ತಿಯಿಂದ ಒತ್ತಿ ಮೂಸಿ ನೋಡಿದರು.

“ಎಣ್ಣೆ ಕುಡಿಸಿದಾರೆ ಸಾರ್ ಇದಕ್ಕೆ. ಒಣಗಿದ ಮರಾನ ಕಚ್ಚಿಕೊಂಡಿದ್ರೆ ಮಾತ್ರ ಈ ಗೂಟ ತಂತಿ ಹಿಡಿಯೋದು.”

“ಒರೆಸಿದರೆ ಹೋಗುವುದಿಲ್ಲವೇ?” ಅಂದೆ.

“ಮರದೊಳಗೆ ಇಳಿದುಬಿಟ್ಟಿದೆ ಅಮ್ಮಾ. ಹಲಗೇನೇ ಬದಲಾಯಿಸಬೇಕು. ಚೆನ್ನೈಗೆ ಕಳಿಸಿದ್ರೂ ನಾಲ್ಕು ತಿಂಗಳು. ಡಿಸೆಂಬರಿಗಂತೂ ಆಗಲ್ಲ.”

ನಾನೇ ಬಿಟ್ಟೆ ಎಂದು ಅಲ್ಲೇ ಹೇಳಿದೆ. ಮುಚ್ಚಿಡಲಿಲ್ಲ. ಇವರು ಬೈಯುತ್ತಾರೆಂದು ಕಾದೆ. “ಮಿಷನ್ನು ಅಂದ್ಮೇಲೆ ಎಣ್ಣೆ ಬುಡ್ದೆ ಇದ್ದಾರಾ? ನಾ ಲಾರಿಗೆ ಬುಡಾಕಿಲ್ವಾ? ಓಗ್ಲಿ ಬುಡಮ್ಮಿ,” ಅಂದುಬಿಟ್ಟರು. ಒಂದು ಸಲ ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ಬಾಗಿಲಲ್ಲಿ ನಿಂತಿದ್ದ ನಯನಾ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದಳು. ಆಮೇಲೆ, “ಅಂಕಲ್‌ಗೆ ಕಾಫಿ ಕೊಡಮ್ಮ,” ಅಂದಳು. ಅಷ್ಟೇ.

ಈಗ ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಚಾಮರಾಜನಗರಕ್ಕೆ ಹೋಗುತ್ತಾಳೆ. ಕ್ರಿಸ್‌ಮಸ್ ಹಾಡುಗಳ ಅಭ್ಯಾಸ ಶುರುವಾಗಿರುವುದರಿಂದ ಚರ್ಚಿನ ಪಿಯಾನೋ ಅವಳಿಗೆ ಸಿಗುವುದು ಒಂದೇ ಗಂಟೆ. ಅವರ ಹಬ್ಬ, ನಾವು ಹೆಚ್ಚು ಕೇಳುವುದು ಹೇಗೆ? ಅಲ್ಲಿಂದ ಬಂದು ಉಳಿದ ಹೊತ್ತೆಲ್ಲ ಈ ಕೆಟ್ಟ ಪಿಯಾನೋದ ಮುಂದೆಯೇ ಕೂರುತ್ತಾಳೆ. ಬೆರಳಿಗಾದರೂ ಅಭ್ಯಾಸ ತಪ್ಪದಿರಲಿ ಎಂದು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ನುಡಿಸುತ್ತಾಳೆ. ಆ ಅಪಸ್ವರವೆಲ್ಲ ಇಡೀ ದಿನ ನನ್ನ ಪಾಲಿಗೆ. ಊಟಕ್ಕೆ ಕರೆದರೆ ಕೇಳಿಸುವುದಿಲ್ಲ, ಎದುರಿಗೆ ಹೋಗಿ ಕೈ ಆಡಿಸಬೇಕು. ಎದ್ದು ಬಂದು ಉಣ್ಣುತ್ತಾಳೆ, ತಟ್ಟೆ ತೊಳೆದಿಟ್ಟು ಮತ್ತೆ ಹೋಗುತ್ತಾಳೆ. ನನ್ನ ಮೇಲೆ ಒಂದು ಸಿಟ್ಟಿನ ಮಾತಿಲ್ಲ. ನಾನು ದೇವರಿಗೆ ಹರಕೆ ಹೊರಬಲ್ಲೆ, ಬಸ್‌ಸ್ಟ್ಯಾಂಡಿಗೆ ಬುತ್ತಿ ಹಿಡಿದು ಓಡಬಲ್ಲೆ. ಇನ್ನೇನು ಮಾಡಲಿ ಹೇಳು? ಕೈಕಟ್ಟಿ ಕೂತಿದ್ದೇನೆ.

ಮೊನ್ನೆ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. “ಬೆರಳು ಸರ್ಯಾಗವೆ ಕಣವ್ವ,” ಅಂದರು. “ಕಿವಿ ಎದ್ರುಕೊಂಡದೆ. ಇಲ್ಲಿ ಸರಿಯಾದ ಸ್ವರ ಬಂದ್ರೂ ನಿಲ್ಲಿಸ್ಬುಟ್ಟು ಮತ್ತೆ ಒತ್ತಿ ನೋಡ್ತದೆ ಮಗ. ಪರೀಕ್ಷೇಲಿ ಅಂಗೆ ನಿಲ್ಸುದ್ರೆ ಮುಗೀತು.” ಇನ್ನು ಇಪ್ಪತ್ತೇಳು ದಿನವಿದೆ.

ನಿನ್ನ ಮೊಮ್ಮಗಳಿಗೆ ನನ್ನ ಆಶೀರ್ವಾದ. ಅವಳ ಗಲ್ಲಕ್ಕೆ ದೃಷ್ಟಿಬೊಟ್ಟು ಇಡುವುದನ್ನು ಮರೆಯಬೇಡ, ನಿನಗೆ ಮರೆವು ಜಾಸ್ತಿ. ಬಾಣಂತಿಗೆ ಸಬ್ಬಸಿಗೆ ಸೊಪ್ಪು ಕೊಡು. ನಿನ್ನ ಮಂಡಿನೋವು ಹೇಗಿದೆ ಬರಿ. ನಿಮ್ಮೆಲ್ಲರನ್ನೂ ಆ ಹಿಮವದ್ ಗೋಪಾಲಸ್ವಾಮಿ, ನಮ್ಮ ಮಾದಪ್ಪ ಇಬ್ಬರೂ ಸೇರಿ ಕಾಯಲಿ.

ನಿನ್ನ,
ಮಂಗಳಗೌರಿ

ಮರೆತ ಮಾತು: ಮರೆತದ್ದೇನೂ ಅಲ್ಲ. ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಎಣ್ಣೆ ಬಿಟ್ಟದ್ದು ಗೊತ್ತಿಲ್ಲದೆ, ಶಿವಿ, ನನ್ನ ಮಗಳಾಣೆ. ಆದರೆ ಡಿಸೆಂಬರಿಗೆ ಆಗಲ್ಲ ಎಂದು ಸುನೀಲ್ ಕುಮಾರ್ ಹೇಳಿದಾಗ, ಹಾಗಾದರೆ ಇವಳು ಚೆನ್ನೈಗೆ ಹೋಗುವುದಿಲ್ಲ, ನನ್ನ ಹತ್ತಿರವೇ ಇರುತ್ತಾಳೆ ಅನ್ನಿಸಿ ನನ್ನ ಎದೆ ಹಗುರವಾಯಿತು. ಒಂದೇ ಗಳಿಗೆ. ಅದು ಮುಖದ ಮೇಲೆ ಬಂದಿರಬೇಕು. ನಯನಾ ನನ್ನನ್ನು ನೋಡಿದ್ದು ಆ ಗಳಿಗೆಯಲ್ಲೇ. ಯಾಕಮ್ಮ ಎಣ್ಣೆ ಬಿಟ್ಟೆ ಎಂದು ಅವಳು ಇವತ್ತಿನವರೆಗೂ ಕೇಳಿಲ್ಲ. ಕೇಳದೆ ನಾನು ಏನೆಂದು ಹೇಳಲಿ? ಪರೀಕ್ಷೆಯ ಹಾಲ್ ಟಿಕೆಟ್ ಬಂದಿದೆ ಎಂದು ಇವರ ಬಾಯಲ್ಲಿ ಕೇಳಿ ತಿಳಿಯಿತು. ದೇವರ ಮುಂದಿಡೋಣ, ಕೊಡು ಅಂದೆ. “ಮೇಷ್ಟ್ರ ಹತ್ರ ಕೊಟ್ಟಿವ್ನಿ,” ಅಂದಳು. “ಮನೇಲಿ ಬ್ಯಾಡ. ಅಲ್ಲೇ ಇರ್ಲಿ ಬುಡಮ್ಮ.”